ಭರಣಿಗೊಂದು ವಿಳಾಸ ಬೇಕು

ರಾಷ್ಟ್ರೀಯ ಹೆದ್ದಾರಿ 66 ಅಗಲವಾಗುವ ಭರದಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಭಾಗದ ಹಳೆಯ ಮನೆ, ಅಂಗಡಿಗಳು ಎಷ್ಟೋ ನೆಲಕ್ಕುರುಳಿದವು. ಹೆದ್ದಾರಿಯ ಹಂಗಿಲ್ಲದ ಒಳಊರುಗಳಲ್ಲೂ ಹೆಂಚಿನ ಮನೆ ಹೋಗಿ ತಾರಸಿ ಮನೆ ಏಳುತ್ತಿದೆ. ಮಕ್ಕಳು ಬೆಂಗಳೂರಿಗೋ ಮುಂಬೈಗೋ ಕೊಲ್ಲಿ ದೇಶಗಳಿಗೋ ಹೋದ ಮೇಲೆ ಹಿರಿಯರ ಮನೆಗಳಿಗೆ ಬೀಗ ಬೀಳುತ್ತಿದೆ. ಹೀಗೆ ಒಡೆಯುವ ಮನೆಯ ಬಾಗಿಲು, ಕಂಬ, ತೊಲೆಗಳಿಗೆ ಗಿರಾಕಿ ಮೊದಲೇ ಗೊತ್ತಿರುತ್ತಾನೆ. ತಾಮ್ರ, ಹಿತ್ತಾಳೆ, ಕಂಚು ತೂಕದ ಲೆಕ್ಕದಲ್ಲಿ ಹೋಗುತ್ತವೆ. ಕಡೆಗೆ ಅಟ್ಟದ ಮೂಲೆಯಲ್ಲಿ ಉಳಿಯುವುದು ಮೇಲರ್ಧ ಕಂದು, ಕೆಳಗರ್ಧ ಬಿಳಿ ಬಣ್ಣದ ಉಪ್ಪಿನಕಾಯಿ ಭರಣಿ. ತೂಗಿದರೆ ಅದಕ್ಕೆ ಕಾಸು ಹುಟ್ಟುವುದಿಲ್ಲ, ಎಸೆಯಲು ಮನಸ್ಸು ಬರುವುದಿಲ್ಲ. ಗುಜರಿಯವನು ‘ಇದನ್ನೂ ಇಡಿ’ ಎಂದು ಗಾಡಿಗೆ ಹಾಕಿಕೊಂಡರೆ ಅಲ್ಲಿಗೆ ಮುಗಿಯಿತು. ಕೊಚ್ಚಿಯ ಮಟ್ಟಾಂಚೇರಿಯಂಥ ಕಡೆ ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂಥ ಜಾಡಿಗಳನ್ನು ಸಾಲಾಗಿ ಜೋಡಿಸಿಟ್ಟಿರುತ್ತಾರೆ; ಅಲ್ಲಿಂದ ಅವು ರೆಸಾರ್ಟುಗಳ ಪಡಸಾಲೆಗೂ ನಗರದ ಫ್ಲ್ಯಾಟುಗಳ ಷೋಕೇಸಿಗೂ ಹೋಗುತ್ತವೆ. ಹಳೆಯ ಭರಣಿ ಕೂಡಿಡುವ ಹವ್ಯಾಸ ಹರಡುತ್ತಿರುವುದಕ್ಕೆ ತಕರಾರಿಲ್ಲ. ಆದರೆ ಯಾವ ಮನೆಯದು, ಅದರಲ್ಲಿ ಏನಿಡುತ್ತಿದ್ದರು, ಯಾವ ದಾರಿಯಾಗಿ ಬಂತು ಎಂಬುದನ್ನು ಬರೆದಿಡದೆ ಕೂಡಿಟ್ಟ ಭರಣಿ ಬರೀ ಅಲಂಕಾರದ ಸಾಮಾನು. ಕರಾವಳಿಗೆ ಈಗ ತುರ್ತಾಗಿ ಬೇಕಿರುವುದು ಭರಣಿಯನ್ನು ಕೊಳ್ಳುವವರಿಗಿಂತ ಅದರ ವಿಳಾಸ ಬರೆದುಕೊಳ್ಳುವವರು.

ಈ ಪಾತ್ರೆ ಇಲ್ಲಿನ ಅಡುಗೆಮನೆಯಲ್ಲಿ ಬೇರೂರಿದ್ದಕ್ಕೆ ಗಟ್ಟಿ ಕಾರಣವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ಸೀಮೆಯಲ್ಲಿ ಬೇಸಿಗೆಯ ಫಸಲನ್ನು ಮಳೆಗಾಲಕ್ಕೆ ಕಾಪಿಡುವುದೇ ಸಂಸಾರದ ಅರ್ಧ ಕೆಲಸವಾಗಿತ್ತು. ಮಾವಿನ ಮಿಡಿ, ಹಲಸಿನ ಉಪ್ಪುಸೊಳೆ, ಕಳಲೆ, ಹುಣಸೆಹಣ್ಣು, ಜೋನಿ ಬೆಲ್ಲ ಎಲ್ಲಕ್ಕೂ ಗಾಳಿ, ತೇವ ಸೋಕದ ಪಾತ್ರೆ ಬೇಕು. ಉಪ್ಪೂ ಹುಳಿಯೂ ಸೇರಿದ ನೀರು ಲೋಹವನ್ನು ತಿನ್ನುತ್ತದೆ. ಊರ ಕುಂಬಾರನ ಆವಿಗೆಯಲ್ಲಿ ಬೆಂದ ಮಡಕೆಯ ಮೈ ತುಂಬ ಸಣ್ಣ ರಂಧ್ರ. ಉಪ್ಪುನೀರು ಅದರೊಳಗೆ ಜಿನುಗಿ ಹರಳುಗಟ್ಟಿ ಕ್ರಮೇಣ ಮಡಕೆಯನ್ನೇ ಸಿಪ್ಪೆ ಏಳಿಸುತ್ತದೆ. ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಷ್ಟು ಶಾಖದಲ್ಲಿ ಬೆಂದ ಕಲ್ಲುಜೇಡಿಯ ಪಾತ್ರೆ ಹಾಗಲ್ಲ. ಅಷ್ಟು ಬಿಸಿಯಲ್ಲಿ ಜೇಡಿಯ ಕಣಗಳು ಕರಗಿ ಒಂದಕ್ಕೊಂದು ಬೆಸೆದು ರಂಧ್ರಗಳು ಮುಚ್ಚಿಹೋಗುತ್ತವೆ, ಮೇಲೆ ಗಾಜಿನಂಥ ಮೆರುಗು ಕೂರುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರಗಳ ಹರಳುಪ್ಪು, ಅಘನಾಶಿನಿ ಮತ್ತು ಶರಾವತಿಯ ದಂಡೆಗಳ ಅಪ್ಪೆಮಿಡಿ, ಈ ಭರಣಿ ಮೂರೂ ಕೂಡಿದಾಗಲೇ ವರ್ಷಗಟ್ಟಲೆ ಕೆಡದ ಉಪ್ಪಿನಕಾಯಿ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಪ್ಪೆಮಿಡಿಗೆ ಇಂದು ಹೆಸರಿದೆ. 1952ರಲ್ಲಿ ಕಟ್ಟಿದ ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘದಿಂದ ಸಾಣಿಕಟ್ಟಾದ ಉಪ್ಪಿಗೆ ಇತಿಹಾಸವಿದೆ. ಮೂರನೆಯದಾದ ಪಾತ್ರೆಯ ಬಗ್ಗೆ ಮಾತ್ರ ಒಂದು ಪುಟದ ದಾಖಲೆಯನ್ನೂ ನಾವು ಮಾಡಿಕೊಂಡಿಲ್ಲ.

ನಮ್ಮ ಭರಣಿಗೆ ಅಮೆರಿಕದಲ್ಲಿ ಹತ್ತಿರದ ನೆಂಟರಿದ್ದಾರೆ ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡ ಬಿಳಿ ಮೆರುಗು ಅಟ್ಲಾಂಟಿಕ್ ದಾಟಿತು. ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಕಂದು ಜೇಡಿ ಅದಕ್ಕೆ ಜತೆಯಾಯಿತು. ಹೆಗಲು ಕಂದು, ಹೊಟ್ಟೆ ಬಿಳಿಯಾದ ಜಾಡಿಗಳು ಅಲ್ಲಿನ ರೈತರ ಮನೆಗಳಲ್ಲಿ ಸೌತೆಕಾಯಿ, ಎಲೆಕೋಸುಗಳನ್ನು ಉಪ್ಪಿನಲ್ಲಿ ಹಾಕಿಡುವ ಪಾತ್ರೆಗಳಾದವು. ಮಿನೆಸೋಟ ರಾಜ್ಯದ ರೆಡ್ ವಿಂಗ್ ಎಂಬ ಸಣ್ಣ ಪಟ್ಟಣದಲ್ಲಿ 1877ರಿಂದ ಇಂಥ ಪಾತ್ರೆಗಳ ಕಾರ್ಖಾನೆ ನಡೆಯಿತು. ಗಾಜು, ಫ್ರಿಜ್ ಬಂದಂತೆ ಬೇಡಿಕೆ ಕುಸಿಯಿತು. 1967ರಲ್ಲಿ ಕಾರ್ಮಿಕರ ಮುಷ್ಕರದ ನಡುವೆ ಕಾರ್ಖಾನೆ ಮುಚ್ಚಿತು. ಹತ್ತು ವರ್ಷದ ಬಳಿಕ, 1977ರಲ್ಲಿ, ಹಳೆಯ ರೆಡ್ ವಿಂಗ್ ಪಾತ್ರೆಗಳನ್ನು ಕೂಡಿಡುವವರು ಸೇರಿ ಸಂಘ ಕಟ್ಟಿದರು. ಅವರು ಕೊಂಡು ಮಾರಿ ಲಾಭ ನೋಡಿದ್ದು ನಿಜ. ಆದರೆ ಅದಕ್ಕಿಂತ ಮುಖ್ಯವಾಗಿ ಜಾಡಿಯ ತಳದ ಮುದ್ರೆ, ಮೈಮೇಲಿನ ರೆಕ್ಕೆಯ ಗುರುತು, ಗ್ಯಾಲನ್ ಅಳತೆಯ ಅಂಕಿ ಇವನ್ನೆಲ್ಲ ಹೋಲಿಸಿ ಯಾವುದು ಯಾವ ಕಾಲದ್ದೆಂದು ವಿಂಗಡಿಸಿದರು. ಇಂದು ಆ ಪಟ್ಟಣದಲ್ಲಿ ಅದಕ್ಕೇ ಮೀಸಲಾದ ವಸ್ತುಸಂಗ್ರಹಾಲಯವಿದೆ. ಮುಚ್ಚಿದ ಕಾರ್ಖಾನೆಯ ಊರು ತನ್ನ ಕಸುಬಿನ ನೆನಪನ್ನು ಉಳಿಸಿಕೊಂಡದ್ದು ಸರ್ಕಾರದ ಆದೇಶದಿಂದಲ್ಲ, ಪಟ್ಟಿ ಮಾಡುವ ಚಟವಿದ್ದ ಸಾಮಾನ್ಯರಿಂದ.

ಪಟ್ಟಿಯಿಲ್ಲದ ಸಂಗ್ರಹ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೂ ಅಮೆರಿಕದಲ್ಲೇ ಉದಾಹರಣೆ ಇದೆ. ಚಿತ್ರಕಾರ ಆಂಡಿ ವಾರ್ಹಾಲ್‌ಗೆ ಸಂತೆಗಳಲ್ಲಿ ಬಿಸ್ಕತ್ತಿನ ಜಾಡಿಗಳನ್ನು ಕೊಳ್ಳುವ ಖಯಾಲಿ ಇತ್ತು. ಹಂದಿ, ಬೆಕ್ಕು, ಅಡುಗೆಯವನ ಆಕಾರದ ಅಗ್ಗದ ಕಾರ್ಖಾನೆ ಸಾಮಾನು. 1987ರಲ್ಲಿ ಆತ ತೀರಿಕೊಂಡ ಮರುವರ್ಷ ಸೋದಬಿ ಸಂಸ್ಥೆ ನ್ಯೂಯಾರ್ಕಿನಲ್ಲಿ ಅವನ ಸೊತ್ತನ್ನು ಹರಾಜು ಹಾಕಿದಾಗ ಆ ಸುಮಾರು 175 ಜಾಡಿಗಳು ಹತ್ತಿರಹತ್ತಿರ ಎರಡೂವರೆ ಲಕ್ಷ ಡಾಲರಿಗೆ ಹೋದವು. ಜೇಡಿ ಅದೇ, ಮೆರುಗು ಅದೇ, ಅಚ್ಚೂ ಅದೇ. ಜನ ಹಣ ಸುರಿದದ್ದು ‘ಇದು ವಾರ್ಹಾಲ್ ಮನೆಯದು’ ಎಂಬ ಮಾತಿಗೆ. ಹರಾಜಿನ ಸುದ್ದಿ ಹಬ್ಬಿ ಬಿಸ್ಕತ್ತಿನ ಜಾಡಿಗೆ ದೇಶದಾದ್ಯಂತ ಬೆಲೆ ಏರಿತು. ಏರಿದ ಬೆಲೆಯ ಹಿಂದೆಯೇ ನಕಲಿಗಳು ಬಂದವು. ಓಹಾಯೊ ರಾಜ್ಯದ ಮೆಕಾಯ್ ಕಾರ್ಖಾನೆ ತನ್ನ ಮುದ್ರೆಯನ್ನು ಕಾನೂನುಬದ್ಧವಾಗಿ ನೋಂದಾಯಿಸಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ, 1990ರ ದಶಕದಲ್ಲಿ, ಅದೇ ಮುದ್ರೆ ಹೊತ್ತ ಹೊಸ ಜಾಡಿಗಳು ಮಾರುಕಟ್ಟೆಯಲ್ಲಿ ತುಂಬಿದವು. ಆಗ ಕೊಳ್ಳುವವರ ಕೈಹಿಡಿದದ್ದು ಅಳತೆಯ ದಾಖಲೆ. ಅಸಲಿ ಜಾಡಿಯಿಂದ ಅಚ್ಚು ತೆಗೆದು ನಕಲಿ ಮಾಡಿದರೆ ಒಣಗುವಾಗಲೂ ಬೇಯುವಾಗಲೂ ಜೇಡಿ ಕುಗ್ಗುವುದರಿಂದ ನಕಲಿ ತುಸು ಗಿಡ್ಡವಾಗಿರುತ್ತದೆ. ಅಸಲಿಯ ಎತ್ತರ ಎಷ್ಟೆಂದು ಬರೆದಿಟ್ಟವರಿದ್ದುದರಿಂದ ಮೋಸ ಬಯಲಾಯಿತು. ಹಳೆಯ ವಸ್ತುವಿನ ಬೆಲೆ ಅದು ಹೊತ್ತ ವಿಳಾಸದಲ್ಲಿದೆ. ಆ ವಿಳಾಸ ನಿಜವೆಂದು ಸಾಬೀತುಪಡಿಸುವುದು ಕಾಗದ. ಇವೆರಡನ್ನೂ ಹಣದ ಬಲವುಳ್ಳ ಮಾರುಕಟ್ಟೆಯೇ ಪೆಟ್ಟು ತಿಂದು ಒಪ್ಪಿಕೊಂಡ ಮೇಲೆ ನಾವು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿಲ್ಲ.

ನಮ್ಮ ತೀರದಲ್ಲೂ ಇದಕ್ಕೆ ಆಧಾರಗಳಿವೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು, ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದುದನ್ನು ಬರೆದಿಟ್ಟ ಇಬ್ನ್ ಬತೂತನೇ ತನ್ನ ಪ್ರವಾಸಕಥನದಲ್ಲಿ ಕಡಲಯಾನಕ್ಕೆಂದು ಶುಂಠಿ, ಮೆಣಸು, ನಿಂಬೆ, ಮಾವುಗಳನ್ನು ಉಪ್ಪು ಹಾಕಿ ತುಂಬಿದ ದೊಡ್ಡ ಜಾಡಿಗಳ ಮಾತನ್ನೂ ಹೇಳುತ್ತಾನೆ. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕುಮಟಾ ಬಳಿಯ ಮಿರ್ಜಾನ್ ಕೋಟೆಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕವು. ಆ ಚೂರು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬ ಟಿಪ್ಪಣಿ ಇರುವುದರಿಂದಲೇ ಅದು ಚೀನಾದ ಕುಲುಮೆಯನ್ನೂ ಅಘನಾಶಿನಿಯ ಅಳಿವೆಯನ್ನೂ ಜೋಡಿಸುವ ಸಾಕ್ಷಿಯಾಗುತ್ತದೆ. ಟಿಪ್ಪಣಿ ಇಲ್ಲದಿದ್ದರೆ ಅದು ಒಡೆದ ತಟ್ಟೆಯ ಚೂರು, ಅಷ್ಟೇ. ಮನೆಯ ಅಟ್ಟವೂ ಅಂಥದೇ ಒಂದು ಪದರ. ಅಲ್ಲಿಂದ ಭರಣಿಯನ್ನು ಎತ್ತಿ ಗಾಡಿಗೆ ಹಾಕಿದ ಗಳಿಗೆಯಲ್ಲಿ ಅದರ ಅಕ್ಕಪಕ್ಕದ ಮಾಹಿತಿಯೆಲ್ಲ ಕಳಚಿಹೋಗುತ್ತದೆ. ನೆಲದಡಿಯ ಚೂರಿಗೆ ತೋರಿಸುವ ಶಿಸ್ತನ್ನು ಅಟ್ಟದ ಮೇಲಿನ ಇಡೀ ಭರಣಿಗೆ ತೋರಿಸದಿರುವುದು ವಿಚಿತ್ರ.

ಬರೆದುಕೊಳ್ಳಬೇಕಾದ್ದು ಏನು? ಮೊದಲು ತಳದ ಮುದ್ರೆ. ಬಂಗಾಳದ ರಾಣಿಗಂಜ್, ಸೌರಾಷ್ಟ್ರದ ಕಾರ್ಖಾನೆಗಳು, ಉತ್ತರ ಪ್ರದೇಶದ ಖುರ್ಜಾ, ತಮಿಳುನಾಡಿನ ರಾಣಿಪೇಟೆ ಹೀಗೆ ಕಲ್ಲುಜೇಡಿ, ಪಿಂಗಾಣಿಗಳ ಕೇಂದ್ರಗಳು ದೇಶದ ನಾಲ್ಕೂ ದಿಕ್ಕಿಗಿದ್ದವು. ಯಾವ ಮುದ್ರೆಯ ಭರಣಿ ಯಾವ ಊರಲ್ಲಿ ಹೆಚ್ಚು ಎಂದು ಗೊತ್ತಾದರೆ ವ್ಯಾಪಾರದ ದಾರಿಗಳೂ ಗೊತ್ತಾಗುತ್ತವೆ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಾಷೈರ್ ಗಿರಣಿಗಳು ಭಾರತದ ಹತ್ತಿಗೆ ಕೈಚಾಚಿದಾಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಮುಂಬೈಗೆ ಹೋದದ್ದು ಕುಮಟಾ ಬಂದರಿನಿಂದ. ‘ಕುಮಟಾ ಹತ್ತಿ’ ಎಂಬ ಹೆಸರೇ ಅದಕ್ಕೆ ನಿಂತಿತು. ಹೋದ ಸರಕಿನ ಲೆಕ್ಕ ಬ್ರಿಟಿಷರ ಕಡತಗಳಲ್ಲಿದೆ, ಬಂದ ಸರಕಿನ ಸಾಕ್ಷಿ ಮನೆಗಳ ಅಟ್ಟದಲ್ಲಿದೆ. ಎರಡನೆಯದಾಗಿ ಬಳಕೆ. ಹವ್ಯಕರ ಮನೆಯಲ್ಲಿ ಮಿಡಿ ತುಂಬಿದ್ದ ಭರಣಿ, ಕೊಂಕಣಿಗರ ಮನೆಯದು, ಭಟ್ಕಳದ ನವಾಯತರ ಮನೆಯದು, ಮೀನುಗಾರರ ಕೇರಿಯದು ಹೊರಗಿನಿಂದ ಒಂದೇ ಥರ ಕಂಡರೂ ಒಳಗಿನ ಲೋಕ ಬೇರೆಬೇರೆ. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಈ ಭರಣಿಯನ್ನು ಯಾರು ಮುಟ್ಟುವಂತಿರಲಿಲ್ಲ? ಮರ ಹತ್ತಿ ಮಿಡಿ ಕೊಯ್ದುಕೊಟ್ಟ ಕೂಲಿಯವರಿಗೆ, ಆಗರದಲ್ಲಿ ಬೆನ್ನು ಬಗ್ಗಿಸಿ ಉಪ್ಪು ತೆಗೆದ ಆಗೇರ ಸಮುದಾಯದವರಿಗೆ ಅನೇಕ ಮನೆಗಳಲ್ಲಿ ಭರಣಿಯ ಕೋಣೆಗೆ ಪ್ರವೇಶವಿರಲಿಲ್ಲ. ಮುಟ್ಟಾದ ಹೆಂಗಸು, ಉಪ್ಪಿನಕಾಯಿ ಹಾಕಿದವಳೇ ಆದರೂ, ಅದರಿಂದ ದೂರ ಕೂರಬೇಕಿತ್ತು. ಷೋಕೇಸಿಗೆ ಬಂದ ಭರಣಿ ಈ ಯಾವುದನ್ನೂ ಹೇಳುವುದಿಲ್ಲ, ಅಜ್ಜಿಯ ಕೈರುಚಿಯನ್ನಷ್ಟೇ ಹೇಳುತ್ತದೆ. ಅಮೆರಿಕದ ಬಿಸ್ಕತ್ತಿನ ಜಾಡಿಗಳಲ್ಲೂ ಇಂಥ ಕಹಿ ಇದೆ. ಕಪ್ಪು ಮನೆಗೆಲಸದಾಕೆಯನ್ನು ಗೇಲಿಯ ಗೊಂಬೆಯಾಗಿಸಿದ ಜಾಡಿಗಳು ಅಲ್ಲಿ ದಶಕಗಟ್ಟಲೆ ಬಿಕರಿಯಾದವು. ಇಂದು ಮಿಷಿಗನ್ನಿನ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದ ಜಿಮ್ ಕ್ರೋ ವಸ್ತುಸಂಗ್ರಹಾಲಯ ಅಂಥ ವಸ್ತುಗಳನ್ನು ಅವುಗಳ ಹಿಂದಿನ ಅವಮಾನದ ವಿವರಣೆಯೊಂದಿಗೆ ಇಟ್ಟು ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದೆ. ದಾಖಲೆ ಇದ್ದರೆ ಹಳೆಯ ವಸ್ತು ಪ್ರಶ್ನೆ ಕೇಳುತ್ತದೆ, ಇಲ್ಲದಿದ್ದರೆ ಹಳಹಳಿಕೆಗೆ ಒದಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ, ಭರಣಿಯಲ್ಲಿ ಅಪರೂಪದ್ದೇನಿದೆ ಎಂಬುದು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾದ ಸಾಮಾನು, ಚೆನ್ನಭೈರಾದೇವಿಯ ಕಾಲದ್ದಲ್ಲ, ಕುಶಲಕರ್ಮಿಯ ಸಹಿಯೂ ಇಲ್ಲ. ಇದು ಅರ್ಧ ನಿಜ. ಒಂದು ಭರಣಿಯಿಂದ ಇತಿಹಾಸಕಾರನಿಗೆ ಹೆಚ್ಚು ಸಿಗಲಾರದು. ಆದರೆ ಮೂರು ತಾಲ್ಲೂಕಿನ ಐನೂರು ಭರಣಿಗಳ ಪಟ್ಟಿ ಸಿಕ್ಕರೆ ಎಷ್ಟೋ ಸಂಗತಿ ತೆರೆದುಕೊಳ್ಳುತ್ತದೆ. ಸಾಮಾನ್ಯರ ಮನೆಗೆ ಕಾರ್ಖಾನೆಯ ಸರಕು ಯಾವಾಗ ಹೊಕ್ಕಿತು, ಅದರಿಂದ ಊರ ಕುಂಬಾರನ ಯಾವ ಪಾತ್ರೆ ಮೂಲೆಗೆ ಸರಿಯಿತು, ಯಾವ ಜಾತಿಯ ಮನೆಗೆ ಮೊದಲು ಬಂತು, ಯಾವುದಕ್ಕೆ ತಡವಾಗಿ ಬಂತು ಎಂಬುದಕ್ಕೆ ಅರಮನೆಯ ಶಾಸನ ಉತ್ತರ ಕೊಡುವುದಿಲ್ಲ. ವಸ್ತು ಸಾಮಾನ್ಯವಾದಷ್ಟೂ ಅದರ ಪಟ್ಟಿ ಹೆಚ್ಚು ಮಾತಾಡುತ್ತದೆ. ಅಲ್ಲದೆ ಎಲ್ಲೆಲ್ಲೂ ಇದೆ ಎಂಬ ಭಾವನೆಯೇ ಸಾಮಾನ್ಯ ವಸ್ತುವಿನ ಶತ್ರು. ಎಲ್ಲರ ಮನೆಯಲ್ಲೂ ಇರುವಾಗ ಯಾರೂ ಬರೆದುಕೊಳ್ಳುವುದಿಲ್ಲ, ಯಾರ ಮನೆಯಲ್ಲೂ ಇಲ್ಲವಾದ ಮೇಲೆ ಬರೆಯಲು ಏನೂ ಉಳಿದಿರುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಭರಣಿ ಮನೆಯವರ ಸೊತ್ತು, ಮಾರುವುದು ಬಿಡುವುದು ಅವರ ಹಕ್ಕು. ಮನೆ ಕಟ್ಟುವ ಸಾಲದಲ್ಲಿರುವವರಿಗೆ ಪರಂಪರೆಯ ಪಾಠ ಹೇಳುವುದು ಹೊಟ್ಟೆ ತುಂಬಿದವರ ಮಾತು ಎಂಬ ಆಕ್ಷೇಪವದು. ಹಕ್ಕಿನ ವಿಷಯದಲ್ಲಿ ಎರಡು ಮಾತಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ, ಐತಿಹಾಸಿಕ ಮೌಲ್ಯದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಅಂಥವನ್ನು ವ್ಯಾಪಾರ ಮಾಡುವವರು ಪರವಾನಗಿ ಪಡೆದಿರಬೇಕು. ಮನೆಯವರು ಊರೊಳಗೆ ಭರಣಿ ಮಾರಿದರೆ ಅದು ತಪ್ಪಲ್ಲ, ತಪ್ಪಾಗಲೂ ಬೇಕಿಲ್ಲ. ಇಲ್ಲಿ ಕೇಳುತ್ತಿರುವುದು ಮಾರಬೇಡಿ ಎಂದಲ್ಲ, ಮಾರುವ ಮೊದಲು ಒಂದು ಹಾಳೆ ತುಂಬಿಸಿ ಎಂದು. ಮೊಬೈಲಿನಲ್ಲಿ ಮೂರು ಫೋಟೊ, ಎತ್ತರ, ಬಾಯಿಯ ಅಗಲ, ಮುದ್ರೆ, ಮನೆತನ, ಬಳಕೆಯ ನೆನಪು. ಇದಕ್ಕೆ ಕಾಲು ಗಂಟೆಯೂ ಹಿಡಿಯದು, ಖರ್ಚಿಲ್ಲ. ಹಾಳೆಯ ಪ್ರತಿ ಭರಣಿಯ ಜತೆ ಹೋದರೆ ಮಾರುವವರಿಗೆ ನಷ್ಟವಿಲ್ಲ. ವಿಳಾಸಕ್ಕೇ ಬೆಲೆ ಎಂಬುದನ್ನು ವಾರ್ಹಾಲ್ ಹರಾಜು ತೋರಿಸಿಕೊಟ್ಟಿದೆ. ಇಂದು ಗುಜರಿ ಗಾಡಿಯ ಬಳಿ ನಿಂತ ಮನೆಯೊಡತಿಗೆ ತನ್ನ ಕೈಯಲ್ಲಿರುವುದು ಏನೆಂದು ತಿಳಿಯದು, ಪೇಟೆಯ ವ್ಯಾಪಾರಿಗೆ ಚೆನ್ನಾಗಿ ತಿಳಿದಿರುತ್ತದೆ. ದಾಖಲೆಯಿಂದ ಈ ಅಂತರ ಕುಗ್ಗಿದರೆ ಅನುಕೂಲವಾಗುವುದು ಬಡವರಿಗೇ. ಮನೆಮನೆಯ ಪಟ್ಟಿ ಬಹಿರಂಗವಾದರೆ ಕಳ್ಳರಿಗೂ ದಲ್ಲಾಳಿಗಳಿಗೂ ದಾರಿ ತೋರಿಸಿದಂತೆ ಎಂಬ ಆತಂಕವೂ ಸರಿಯಾದದ್ದೇ. ಅದಕ್ಕೆ ಊರಿನ ಹೆಸರನ್ನಷ್ಟೇ ಪ್ರಕಟಿಸಿ, ಮನೆಯ ಗುರುತನ್ನು ದಾಖಲೆ ಇಟ್ಟ ಸಂಸ್ಥೆಯೊಳಗೇ ಉಳಿಸಿಕೊಳ್ಳಬೇಕು.

ಮೂರನೆಯ ಆಕ್ಷೇಪ ಉಪ್ಪಿನಕಾಯಿ ಹಾಕುವವರದು. ಪಾತ್ರೆ ಇರುವುದು ಬಳಸಲಿಕ್ಕೆ; ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಚೀಟಿ ಅಂಟಿಸಿದರೆ ಸತ್ತಂತೆ ಎನ್ನುತ್ತಾರೆ. ಈ ಮಾತನ್ನು ಪೂರ್ತಿ ಒಪ್ಪಬಹುದು. ದಾಖಲಾಗಲು ಭರಣಿ ಮನೆ ಬಿಟ್ಟು ಹೊರಡಬೇಕಾಗಿಲ್ಲ. ಬಳಕೆಯಲ್ಲಿರುವ ಭರಣಿಯೇ ಅತ್ಯುತ್ತಮ ಮಾಹಿತಿದಾರ, ಯಾಕೆಂದರೆ ಅದರ ಪಕ್ಕದಲ್ಲಿ ಅದನ್ನು ಬಳಸುವವರು ಇದ್ದಾರೆ. ಉಪ್ಪಿನ ಪ್ರಮಾಣ, ಬಾಯಿಗೆ ಬಟ್ಟೆ ಕಟ್ಟುವ ಕ್ರಮ, ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸುವ ಬಗೆ ಅವರಿಗೆ ಗೊತ್ತು. ಇದೇ ಮಾತಿಗೆ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಉಪ್ಪನ್ನೇ ಕುಲುಮೆಗೆ ಎರಚಿ ಬರಿಸುವ ಮೆರುಗಿನಲ್ಲಿ ಸೀಸವಿಲ್ಲ. ಆದರೆ ಕಡಿಮೆ ಶಾಖದಲ್ಲಿ ಬೆಂದ ಕೆಲವು ಬಣ್ಣದ ಪಾತ್ರೆಗಳ ಮೆರುಗಿನಲ್ಲಿ ಸೀಸವಿರುತ್ತದೆ, ಹುಳಿ ಅದನ್ನು ಹೊರಗೆಳೆಯುತ್ತದೆ. ಸೆಳಕು ಬಿಟ್ಟ ಪಾತ್ರೆಯೂ ಅಪಾಯಕರ. ಅಂಗಡಿಯಿಂದ ತಂದ, ಮೂಲ ಗೊತ್ತಿಲ್ಲದ ಹಳೆಯ ಜಾಡಿಯಲ್ಲಿ ಉಪ್ಪಿನಕಾಯಿ ಹಾಕುವುದು ಜಾಣತನವಲ್ಲ. ತಲೆಮಾರುಗಳಿಂದ ಬಳಸಿದ ದಾಖಲೆಯಿರುವ ಭರಣಿಯ ವಿಷಯದಲ್ಲಿ ಕೊನೆಯಪಕ್ಷ ಅದು ಯಾವ ಬಗೆಯದೆಂಬುದಾದರೂ ತಿಳಿದಿರುತ್ತದೆ.

ಉಳಿದದ್ದು ಯಾರು ಮಾಡಬೇಕು ಎಂಬ ಪ್ರಶ್ನೆ. ಹೊಸ ವಸ್ತುಸಂಗ್ರಹಾಲಯ ಕಟ್ಟಿ ಎಂದರೆ ಕಟ್ಟಡ ಏಳುತ್ತದೆ, ಉದ್ಘಾಟನೆಯಾಗುತ್ತದೆ, ಆಮೇಲೆ ಧೂಳು ಹೊಡೆಯಲು ಆಳಿರುವುದಿಲ್ಲ ಎಂಬ ಅನುಮಾನಕ್ಕೆ ನಮ್ಮ ಅನುಭವದಲ್ಲಿ ಆಧಾರವಿದೆ. ಹಾಗಾಗಿ ಕಟ್ಟಡದಿಂದ ಶುರು ಮಾಡಬಾರದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಪರಂಪರಾ ಗ್ರಾಮವನ್ನು, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಮ ಪೂಜಾರಿ ಅವರು ತುಳು ಬದುಕಿನ ವಸ್ತುಸಂಗ್ರಹವನ್ನು ಕಟ್ಟಿದ್ದರ ಹಿಂದೆ ದಶಕಗಳ ಒಂಟಿ ದುಡಿಮೆ ಇದೆ. ಅಂಥ ವ್ಯಕ್ತಿ ಹುಟ್ಟಿಬರಲಿ ಎಂದು ಕಾಯುತ್ತ ಕೂತರೆ ಅಟ್ಟಗಳು ಕಾಯುವುದಿಲ್ಲ. ಉತ್ತರ ಕನ್ನಡಕ್ಕೆ ತನ್ನದೇ ಮಾದರಿ ಕೈಯಲ್ಲೇ ಇದೆ. ಕುಮಟಾದ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ಅವರಂಥವರು ಈ ಜಿಲ್ಲೆಯ ಹಾಡು, ಕಥೆಗಳನ್ನು ಊರೂರು ಅಲೆದು ಸಂಗ್ರಹಿಸಿದರು. ಹಾಡಿದವರು ಯಾರು, ಯಾವ ಊರಿನವರು, ಯಾವ ಸಮುದಾಯದವರು ಎಂಬುದಿಲ್ಲದೆ ಹಾಡಿಗೆ ಅರ್ಧವೇ ಬೆಲೆ ಎಂಬುದು ಜಾನಪದ ಸಂಗ್ರಹದ ಮೊದಲ ಪಾಠ. ಹಾಡಿಗೆ ಅನ್ವಯಿಸಿದ ಆ ನಿಯಮವನ್ನು ವಸ್ತುವಿಗೂ ಅನ್ವಯಿಸಿದರೆ ಸಾಕು. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಭಟ್ಕಳದಲ್ಲಿ 1919ರಿಂದ ನಡೆದುಬಂದ ಅಂಜುಮನ್ ಸಂಸ್ಥೆಯ ಕಾಲೇಜುಗಳು ತಮ್ಮ ಇತಿಹಾಸ, ಕನ್ನಡ ವಿಭಾಗಗಳ ವಿದ್ಯಾರ್ಥಿಗಳಿಗೆ ಇದನ್ನು ಒಂದು ಕಿರುಯೋಜನೆಯಾಗಿ ಕೊಡಬಹುದು. ಪ್ರತಿ ವಿದ್ಯಾರ್ಥಿ ತನ್ನ ಮನೆ ಮತ್ತು ನೆರೆಯ ಎರಡು ಮನೆಗಳ ಭರಣಿಯ ಹಾಳೆ ತುಂಬಿಸಿದರೆ ಒಂದು ವರ್ಷದಲ್ಲಿ ಸಾವಿರ ದಾಟುತ್ತದೆ. ಅವುಗಳ ಒಂದು ಪ್ರತಿ ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿರಲಿ. ಮನೆ ಒಡೆಯುವ ಮುನ್ನ ಕರೆ ಮಾಡಿದರೆ ಹಾಳೆ ಹಿಡಿದು ಬರುವ ಒಬ್ಬರ ಹೆಸರು ಪ್ರತಿ ಊರಿನಲ್ಲೂ ಗೊತ್ತಿರಲಿ.

ಇಷ್ಟಾದ ಮೇಲೆ ಭರಣಿಗಳು ಎಲ್ಲಿ ಬೇಕಾದರೂ ಹೋಗಲಿ. ಕೆಲವು ಅಡುಗೆಮನೆಯಲ್ಲೇ ಉಳಿಯುತ್ತವೆ, ಕೆಲವು ಬೆಂಗಳೂರಿನ ಮೊಮ್ಮಗಳ ಫ್ಲ್ಯಾಟಿಗೆ ಹೋಗುತ್ತವೆ, ಕೆಲವು ಮಾರಾಟವಾಗುತ್ತವೆ, ಹಲವು ಒಡೆಯುತ್ತವೆ. ಒಡೆಯುವುದು ಜೇಡಿಯ ಪಾತ್ರೆಯ ಸ್ವಭಾವ, ಅದನ್ನು ತಡೆಯುತ್ತೇವೆಂದು ಹೊರಡುವುದು ವ್ಯರ್ಥ. ಆದರೆ ಪಟ್ಟಿ ನಮ್ಮ ಕೈಯಲ್ಲಿದ್ದರೆ ಈ ತೀರದ ಜನ ಏನು ತಿಂದರು, ಏನನ್ನು ಕಾಪಿಟ್ಟರು, ಯಾರ ಜತೆ ವ್ಯಾಪಾರ ಮಾಡಿದರು, ಯಾರನ್ನು ಹೊರಗಿಟ್ಟರು ಎಂಬ ಪ್ರಶ್ನೆಗಳಿಗೆ ಮುಂದಿನವರು ನಮ್ಮನ್ನು ಬಿಟ್ಟು ಅಂಗಡಿಯವರನ್ನು ಕೇಳಬೇಕಾಗುವುದಿಲ್ಲ. ಸಂಗ್ರಹಕಾರರಿಗೂ ಇದೇ ಮಾತು: ಮುಂದಿನ ಭರಣಿಯ ಬೆಲೆ ಕೇಳುವ ಮೊದಲು ಯಾವ ಊರಿನದೆಂದು ಕೇಳಿ. ಉತ್ತರ ಹೇಳಲಾಗದ ಅಂಗಡಿಯಿಂದ ಕೊಳ್ಳುವುದನ್ನು ಹತ್ತು ಜನ ನಿಲ್ಲಿಸಿದರೂ ಆ ಪ್ರಶ್ನೆ ಅಂಗಡಿಯವನಿಂದ ದಲ್ಲಾಳಿಗೆ, ದಲ್ಲಾಳಿಯಿಂದ ಗುಜರಿ ಗಾಡಿಗೆ ದಾಟಿ ಮನೆಯ ಬಾಗಿಲವರೆಗೆ ಬರುತ್ತದೆ.